ಕ್ಲೋಸ್‌ಪೇಟೆ ಎಲ್ಲಿದೆ?

ಕಳೆದ ವರ್ಷ ದೀಪಾವಳಿಯ ಮಾರನೇ ದಿನ, ಎಣ್ಣೆಸ್ನಾನದ ಜೊಂಪು ಇನ್ನೂ ಇಳಿಯದೆ ಕೂತಿದ್ದಾಗ ನ್ಯೂಜೆರ್ಸಿಯಿಂದ ಒಂದು ಮೆಸೇಜು ಬಂತು. “ಮೇಷ್ಟ್ರು ತಾತ, ಕ್ಲೋಸ್‌ಪೇಟ್ ಎಲ್ಲಿದೆ? ಎಷ್ಟು ಹುಡುಕಿದ್ರೂ ಬರೀ ಕಲ್ಲು ಸಿಗ್ತಾ ಇದೆ.”

ಕಳಿಸಿದವಳು ನಮ್ಮ ದೊಡ್ಡಪ್ಪನ ಹಿರಿಮಗನ ಮೊಮ್ಮಗಳು. ದೊಡ್ಡಪ್ಪನಿಗೆ ಗಂಡುಮಕ್ಕಳು ಇಬ್ಬರು. ಓದಿ ಹೊರಟುಹೋದವನು ಅಮೆರಿಕ ಅಣ್ಣ, ಓದದೆ ಉಳಿದುಕೊಂಡವನು ಊರ ಅಣ್ಣ. ಇವರಿಬ್ಬರ ನಡುವೆ, ಅಮೆರಿಕಕ್ಕೂ ಹೋಗದೆ ಊರಲ್ಲೂ ನಿಲ್ಲದೆ, ಚನ್ನಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಸಮಾಜ ಪಾಠ ಮಾಡಿ ನಿವೃತ್ತನಾದ ಚಿಕ್ಕಪ್ಪನ ಮಗ ನಾನು.

ಹುಡುಗಿಗೆ ಕಲ್ಲು ಸಿಕ್ಕಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳ ತಾತ ಹುಟ್ಟಿದ್ದು 1944ರಲ್ಲಿ, ತನ್ನ ತಾಯಿಯ ತವರಲ್ಲಿ. ಅವನ ಹಳೇ ಸರ್ಟಿಫಿಕೇಟಿನಲ್ಲಿ ‘ಕ್ಲೋಸ್‌ಪೇಟೆ, ಬೆಂಗಳೂರು ಜಿಲ್ಲೆ, ಮೈಸೂರು’ ಎಂದಿದೆ. ಟಿಪ್ಪುವಿನ ಕಾಲದಲ್ಲಿ ಶಂಷೇರಾಬಾದ್ ಆಗಿದ್ದ ಊರಿಗೆ ಆಮೇಲೆ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಸಾಹೇಬನ ಹೆಸರು ಬಂತು. ಸ್ವಾತಂತ್ರ್ಯ ಬಂದ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರವಾಯಿತು. ಅಣ್ಣ ವಿಮಾನ ಹತ್ತಿದ್ದು 1971ರಲ್ಲಿ. ಎರಡೇ ವರ್ಷಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರವಾಯಿತು. 2007ರಲ್ಲಿ ಗ್ರಾಮಾಂತರ ಒಡೆದು ರಾಮನಗರವೇ ಜಿಲ್ಲೆಯಾಯಿತು. ಅದಾದರೂ ನಿಂತಿತೇ ಎಂದರೆ, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಅಣ್ಣ ಐವತ್ತು ಚಿಲ್ಲರೆ ವರ್ಷ ಒಂದೇ ಊರಲ್ಲಿ ಒಂದೇ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾನೆ. ಊರು ಬಿಟ್ಟು ಊರು ಅಲೆದದ್ದು ಅವನ ಹುಟ್ಟೂರು!

ಊರಿಗಿಲ್ಲದ ಆ ಹೆಸರು ಈಗ ಬಂಡೆಗೆ ಉಳಿದಿದೆ. ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ನಾಮಕರಣ ಮಾಡಿಬಿಟ್ಟಿದ್ದಾರೆ. ತೆಂಕಿನಿಂದ ಬಡಗಿಗೆ ನಾನೂರು ಕಿಲೋಮೀಟರಿಗೂ ಮಿಕ್ಕಿ ಹಬ್ಬಿದ, ಸುಮಾರು 250 ಕೋಟಿ ವರ್ಷದ ಬಂಡೆ ಅದು. ವಿಜ್ಞಾನಿಗಳು ಒಮ್ಮೆ ಇಟ್ಟ ಹೆಸರನ್ನು ಯಾವ ಸಂಪುಟ ಸಭೆಯೂ ಬದಲಾಯಿಸುವುದಿಲ್ಲ. “ತಾತ ಹುಟ್ಟಿದ್ದು ಬಂಡೆಯೊಳಗೆ ಅಂತ ನಾನು ಫ್ರೆಂಡ್ಸಿಗೆಲ್ಲ ಹೇಳಿದ್ದೆ” ಎಂದು ಆಮೇಲೆ ಹುಡುಗಿ ನಕ್ಕಳು. ಅಣ್ಣನ ಸ್ವಭಾವ ಬಲ್ಲವರು ಅದನ್ನು ಅಲ್ಲಗಳೆಯುವುದು ಕಷ್ಟ.

ಡಿಸೆಂಬರಿನಲ್ಲಿ ಹುಡುಗಿ ಬಂದೇಬಿಟ್ಟಳು. ಕಾಲೇಜಿನ ರಜೆ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಫೈಲು. ವಿಮಾನ ನಿಲ್ದಾಣದ ಹೊರಗೆ 108 ಅಡಿ ಎತ್ತರಕ್ಕೆ ಕತ್ತಿ ಹಿಡಿದು ನಿಂತ ಕೆಂಪೇಗೌಡರನ್ನು ತೋರಿಸಿ, “ಇವರೂ ನಮ್ಮ ಮಾಗಡಿ ಕಡೆಯವರೇ ಕಣಮ್ಮ” ಎಂದೆ. ಅವಳು ತಲೆಯೆತ್ತಿ ನೋಡಿ, ಫೈಲು ತೆರೆದು, “ನಮಗೆ ಏನಾಗಬೇಕು?” ಎಂದು ಪೆನ್ನು ಹಿಡಿದಳು. ನನಗೆ ಆಗಲೇ ಸಣ್ಣಗೆ ಬೆವರಿತು.

ಫೈಲಿನ ಮೊದಲ ಹಾಳೆ ಡಿಎನ್‌ಎ ವರದಿ. ಅಮೆರಿಕದಲ್ಲಿ ಒಂದು ಕೊಳವೆಯೊಳಗೆ ಎಂಜಲು ಉಗಿದು ಅಂಚೆಗೆ ಹಾಕಿದರೆ ನಿಮ್ಮ ಪೂರ್ವಿಕರು ಎಲ್ಲಿಯವರೆಂದು ಹೇಳುತ್ತಾರಂತೆ. ಅವಳದ್ದಕ್ಕೆ ‘ದಕ್ಷಿಣ ಭಾರತ’ ಎಂದು ಬಂದಿತ್ತು. ಇಷ್ಟನ್ನು ಹೇಳಲು ಎಂಜಲು ಯಾಕೆ ಬೇಕಿತ್ತು, ಮೂಗು ನೋಡಿದರೆ ಸಾಕಿತ್ತಲ್ಲ ಎಂದು ನನ್ನ ಹೆಂಡತಿ ಅಡಿಗೆಮನೆಯಿಂದಲೇ ಅಭಿಪ್ರಾಯಪಟ್ಟಳು. ಎರಡನೇ ಹಾಳೆಯ ಮೇಲೆ ಒಂದು ಮರದ ಚಿತ್ರ. ಕೆಳಗಿನ ಕೊಂಬೆಗಳಲ್ಲಿ ಇವಳು, ಇವಳಪ್ಪ ಅಮ್ಮ, ತಾತ ಅಜ್ಜಿ. ಅದರ ಮೇಲಿನದೆಲ್ಲ ಖಾಲಿ ಪೆಟ್ಟಿಗೆ. “ಇದನ್ನ ತುಂಬಿಸ್ಕೊಂಡು ಹೋಗ್ಬೇಕು ತಾತ. ಐದು ದಿನ ಸಾಕಲ್ವಾ?”

ಮೂವತ್ತು ವರ್ಷ ಬೋರ್ಡಿನ ಮೇಲೆ ಹೊಯ್ಸಳರ ವಂಶವೃಕ್ಷ ಬರೆದವನು ನಾನು. ವಿನಯಾದಿತ್ಯ, ಎರೆಯಂಗ, ಬಲ್ಲಾಳ, ವಿಷ್ಣುವರ್ಧನ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ನಮ್ಮಪ್ಪನ ತಾತನ ಹೆಸರು ಕೇಳಿದರೆ ಮಾತ್ರ ಕೆಮ್ಮು ಬರುತ್ತದೆ. ಈ ವಿಷಯದಲ್ಲಿ ನನಗೊಂದು ಸಮಾಧಾನವಿದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ ಎಂಬುದೇ ಹೊರಜಗತ್ತಿಗೆ ಗೊತ್ತಾದದ್ದು 2015ರ ಸುಮಾರಿಗೆ, ಅಲ್ಲಿನ ಶಾಸನವನ್ನು ಯಾರೋ ಕೂತು ಓದಿದ ಮೇಲೆ. ಅಂಥವರ ಪಾಡೇ ಹೀಗಾದರೆ, ಎರಡೂವರೆ ಎಕರೆ ಖುಷ್ಕಿಯ ನಮ್ಮ ಮುತ್ತಾತನ ಲೆಕ್ಕ ಇಟ್ಟವರು ಯಾರು?

ಮೊದಲ ದಿನ ರಾಮನಗರ. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಊರೇ ಕಾಣದಂತೆ ಮೇಲಿಂದ ಮೇಲೆ ಹಾರಿಸಿಕೊಂಡು ಹೋಗುತ್ತದೆಂದು ಹಳೇ ರಸ್ತೆಯಲ್ಲೇ ಹೋದೆವು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಬಿಡದಿಯ ತಟ್ಟೆ ಇಡ್ಲಿಯವರೂ ನಮ್ಮ ಬೊಂಬೆ ಅಂಗಡಿಯವರೂ ಬಾಗಿಲಲ್ಲಿ ಕೂತು ಆಕಾಶ ನೋಡುವುದು ಜಾಸ್ತಿಯಾಗಿದೆ. ಅಣ್ಣ ಹುಟ್ಟಿದ ಮನೆ ಹುಡುಕಲು ಅಣ್ಣನೇ ಒಂದು ನಕ್ಷೆ ಬರೆದು ಕಳಿಸಿದ್ದ. ‘ಹುಣಸೇಮರದಿಂದ ಬಲಕ್ಕೆ, ಬಾವಿಯ ಪಕ್ಕ.’ ಮರವೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಅಂದಾಜಿನ ಮೇಲೆ ನಿಂತ ಜಾಗದಲ್ಲಿ ಕೆಳಗೆ ಮೊಬೈಲ್ ರಿಪೇರಿ, ಮೇಲೆ ಬ್ಯೂಟಿ ಪಾರ್ಲರು. ಹುಡುಗಿ ಪಾರ್ಲರಿನ ಬೋರ್ಡಿನ ಫೋಟೋ ತೆಗೆದುಕೊಂಡಳು. ಅಷ್ಟರಲ್ಲಿ ಗಾಳಿ ತಿರುಗಿತು. ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳಿಂದ ಬೆಂದ ಗೂಡಿನ ವಾಸನೆ ನುಗ್ಗಿತು. ಅದು ಬಲ್ಲವರಿಗೆ ಮಾತ್ರ ಗೊತ್ತು. ಒಮ್ಮೆ ಮೂಗಿಗೆ ಹತ್ತಿದರೆ ಏಳೇಳು ಜನ್ಮಕ್ಕೂ ಬಿಡದು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. “ತಾತನ ಹಳೇ ಟ್ರಂಕಲ್ಲಿ ಈ ಸ್ಮೆಲ್ ಇದೆ” ಎಂದಳು.

ಐವತ್ತು ವರ್ಷದ ಟ್ರಂಕಿನಲ್ಲಿ ಇನ್ನೂ ಇರಲಾರದು, ಕಲ್ಪನೆ ಇರಬೇಕು ಎಂದು ನಾನು ಆಗ ಅಂದುಕೊಂಡೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ರಾಮದೇವರ ಬೆಟ್ಟಕ್ಕೂ ಕರೆದೊಯ್ದೆ. ‘ಷೋಲೆ’ ತೆಗೆದ ಜಾಗ ಎಂದಾಗ ಅವಳ ಮುಖದಲ್ಲಿ ಏನೂ ಹೊಳೆಯಲಿಲ್ಲ. ನಮ್ಮ ಕಡೆ ಅರವತ್ತು ದಾಟಿದ ಪ್ರತಿಯೊಬ್ಬನೂ ಗಬ್ಬರ್ ಸಿಂಗನ ಕುದುರೆಗೆ ಹುಲ್ಲು ಹಾಕಿದವನೇ. ಆ ಲೆಕ್ಕದಲ್ಲಿ ಆ ಕುದುರೆಗಳು ಹೊಟ್ಟೆ ಒಡೆದು ಸಾಯಬೇಕಿತ್ತು.

ಚನ್ನಪಟ್ಟಣದಲ್ಲಿ ಅವಳಿಗೆ ನಿಜವಾದ ದೇಸಿ ವಸ್ತು ಬೇಕಿತ್ತು. ನನ್ನ ಹಳೇ ಶಿಷ್ಯನೊಬ್ಬನ ಬೊಂಬೆ ಕಾರ್ಖಾನೆಗೆ ಕರೆದೊಯ್ದೆ. ತಿರುಗುವ ಲೇತಿಗೆ ಆಲೆಮರದ ತುಂಡು ಸಿಕ್ಕಿಸಿ, ಉಳಿ ಕೊಟ್ಟು, ಅರಗಿನ ಕಡ್ಡಿ ಒತ್ತಿ ಹಿಡಿದ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೆಂಪು ಬಳಿದುಕೊಂಡಿತು. ಮೇಲೆ ತಾಳೆಗರಿ ಒತ್ತಿದ. ಕನ್ನಡಿಯಂತೆ ಮಿಂಚಿತು. “ಇದು ಪೂರ್ತಿ ನಮ್ಮೂರಿಂದಾ?” ಎಂದು ಇವಳು ಕೇಳಿದ್ದೇ ತಪ್ಪಾಯಿತು. ಅವನು ಸತ್ಯಸಂಧ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಿಗರನ್ನು ಕರೆಸಿದ್ದನೆಂಬ ಮಾತಿನಿಂದ ಹಿಡಿದು, ಬಾವಾ ಮಿಯಾ ಅವರು ಜಪಾನಿನ ಕಸುಬನ್ನು ಇಲ್ಲಿಗೆ ತಂದರೆಂಬಲ್ಲಿಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಹುಡುಗಿ ಫೈಲಿನಲ್ಲಿ ‘ಪರ್ಷಿಯಾ? ಜಪಾನ್?’ ಎಂದು ಬರೆದುಕೊಂಡಳು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮೇಷ್ಟ್ರ ಬಾಯಿ, ಸುಮ್ಮನಿರದೆ, ರೇಷ್ಮೆಹುಳು ಚೀನಾದ್ದು, ನಿನ್ನೆ ರಾತ್ರಿ ನೀನು ನುಂಗಿದ ಮುದ್ದೆಯ ರಾಗಿಯ ತವರು ಆಫ್ರಿಕಾ ಎಂದುಬಿಟ್ಟೆ. ಅವಳು ಪೆನ್ನು ಮುಚ್ಚಿ ನನ್ನನ್ನೇ ದಿಟ್ಟಿಸಿದಳು. ಬೇರು ಹುಡುಕಲು ಬಂದವರ ಮುಂದೆ ಸಮಾಜ ಪಾಠ ಮಾಡಬಾರದು.

ಕನಕಪುರದ ಕಡೆ ಕೆಲಸ ಬೇಗ ಮುಗಿಯಿತು. ಸಾತನೂರು ದಾಟಿ ನಮ್ಮ ಮನೆದೇವರು ಕಬ್ಬಾಳಮ್ಮನ ಗುಡಿಗೆ ಹೋಗಿ, ತಾತನ ಹೆಸರಲ್ಲಿ ಒಂದು, ಅವಳ ಹೆಸರಲ್ಲಿ ಒಂದು ತೆಂಗಿನಕಾಯಿ ಒಡೆಸಿದೆವು. ಅಣ್ಣ ವರ್ಷಕ್ಕೊಮ್ಮೆ ಡಾಲರು ಕಳಿಸಿ ಮಾಡಿಸುವ ಪೂಜೆಗೆ ರಸೀದಿ ಸಹಿತ ಸಾಕ್ಷಿ ಸಿಕ್ಕಿತು.

ಇನ್ನು ಉಳಿದದ್ದು ಮಾಗಡಿ ತಾಲ್ಲೂಕಿನ ನಮ್ಮ ಮೂಲ ಊರು. ಅದರ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ತಾನಾಗಿ ಗೊತ್ತಾಗುತ್ತದೆ.

ನಾನು ಸಣ್ಣವನಿದ್ದಾಗ, ಸುಗ್ಗಿ ಮುಗಿದು ಕಣ ಗುಡಿಸಿದ ಮೇಲೆ, ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕಾಲು ಮಡಿಸಿ ಕೂತು, ಗಂಟೆ ಬಾರಿಸುತ್ತ, ಮನೆ ಮುಂದೆ ನಿಂತು ನಮ್ಮ ಮನೆತನದ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬರುವರು. ಮೂಲಪುರುಷ ಯಾವ ಊರಿಂದ ಬಂದ, ಯಾವ ಬರಗಾಲಕ್ಕೆ ಬಂದ, ಯಾರ ಹೊಟ್ಟೆಯಲ್ಲಿ ಯಾರು ಎಂದು ಎಲ್ಲವೂ ಒಂದು ರಾಗದಲ್ಲಿ. ಕೊನೆಗೆ ನನ್ನ ಹೆಸರು ಬಂದಾಗ ಮೈ ಜುಮ್ಮೆನ್ನುವುದು. ಅಮ್ಮ ಮೊರದ ತುಂಬ ರಾಗಿ ಹಾಕುವಳು. ಉತ್ತರದಲ್ಲಿ ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶಾವಳಿಯನ್ನು ಬಹಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅವನ್ನು ಅಮೆರಿಕದ ಯೂಟಾದವರು ಬಂದು ಮೈಕ್ರೋಫಿಲ್ಮು ಮಾಡಿಕೊಂಡು ಹೋದರು. ನಮ್ಮ ಹೆಳವರಪ್ಪನದು ನಾಲಗೆಯ ಮೇಲಿದ್ದ ಪುಸ್ತಕ. ಅವನು ಬರುವುದು ಯಾವ ವರ್ಷ ನಿಂತಿತೆಂದು ನಾವ್ಯಾರೂ ಗಮನಿಸಲಿಲ್ಲ.

ಗಮನಿಸದಿರಲು ಕಾರಣವಿದೆ. ವಂಶವೃಕ್ಷ ಎಂಬ ಮಾತಿಗೆ ನಮ್ಮ ಕಡೆ ಈಗ ಬೇರೆಯೇ ಅರ್ಥ. ಅದು ತಾಲ್ಲೂಕು ಕಚೇರಿಯ ಕಾಗದ. ಪೌತಿ ಖಾತೆಗೆ, ವಿಭಾಗಕ್ಕೆ, ಕ್ರಯಕ್ಕೆ, ಬ್ಯಾಂಕ್ ಸಾಲಕ್ಕೆ ಅದು ಬೇಕು. ಅಪ್ಪ ಸತ್ತ ಮೇಲೆ ಹನ್ನೊಂದನೇ ದಿನದ ತಿಥಿ, ಹನ್ನೆರಡನೇ ದಿನದ ವಂಶವೃಕ್ಷ. ಮಾಗಡಿ ಸುತ್ತಿನ ಹೊಲಗಳಿಗೆ ಬೆಂಗಳೂರಿನ ಬಿಸಿ ತಾಗಿದ ಮೇಲಂತೂ, ಯಾರಾದರೂ “ನಮ್ಮ ಮುತ್ತಾತನ ಹೆಸರೇನು?” ಎಂದರೆ ಮನೆಮಂದಿ ಮೊದಲು ನೋಡುವುದು ಅವನ ಹಿಂದೆ ಲಾಯರು ಇದ್ದಾನೆಯೇ ಎಂದು.

ಅಂಥ ಊರಿಗೆ, ಮಟಮಟ ಮಧ್ಯಾಹ್ನ, ಕೈಯಲ್ಲಿ ಫೈಲು ಹಿಡಿದು, ದೊಡ್ಡಪ್ಪನ ಹಿರಿಮಗನ ಮೊಮ್ಮಗಳು ಕಾರಿಂದ ಇಳಿದಳು. ಜಗಲಿ ಮೇಲೆ ಕೂತಿದ್ದವರಿಗೆ ಕೈಮುಗಿದು, ಮನೆಯಲ್ಲಿ ಕಲಿತ ಕನ್ನಡದಲ್ಲಿ, ಗಟ್ಟಿಯಾಗಿ, “ನಮಸ್ಕಾರ. ನಾನು ನಮ್ಮ ವಂಶವೃಕ್ಷ ಹುಡುಕೋಕೆ ಬಂದಿದ್ದೀನಿ” ಎಂದಳು.

ಊರು ಗಪ್ ಅಂದಿತು. ಚಾವಡಿ ಮುಂದಿನ ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿತೆಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಊರ ಅಣ್ಣ ನಗುತ್ತಲೇ ಬಂದ. ನಗು ಬಾಯಲ್ಲಿತ್ತು, ಕಣ್ಣು ಫೈಲಿನ ಮೇಲಿತ್ತು. “ಬಾ ಮಗಾ, ಬಾ, ಒಳೀಕ್ ಬಾ” ಎಂದು ಅವಳ ಕೈ ಹಿಡಿದು ಕರೆದೊಯ್ದು, ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

“ಏನ್ಲಾ ಮೇಷ್ಟ್ರೇ, ಕೇಸಾ?”

“ಕೇಸೂ ಇಲ್ಲ, ಗೀಸೂ ಇಲ್ಲ ಅಣ್ಣ. ಸುಮ್ನೆ ಹೆಸರು ಬರ್ಕೊಳಕ್ಕೆ ಬಂದಿದಾಳೆ.”

“ಸುಮ್ನೆ?” ಅಣ್ಣ ಹುಬ್ಬು ಹಣೆಗೇರಿಸಿದ. “ಹದಿಮೂರು ಸಾವಿರ ಕಿಲೋಮೀಟ್ರು ಇಮಾನದಲ್ಲಿ ಸುಮ್ನೆ ಬತ್ತಾರಾ ಯಾರಾರ?”

ನಿಜ, ಅವನ ಪ್ರಶ್ನೆಗೆ ನನ್ನಲ್ಲೂ ಉತ್ತರವಿರಲಿಲ್ಲ. ಅಷ್ಟರಲ್ಲಿ ಸೊಸೆ ಬೆಂಗಳೂರಿನ ಮಗನಿಗೆ ಫೋನು ಮಾಡಿ ಆಗಿತ್ತು. ಅವನು ವಕೀಲರಿಗೆ ಫೋನು ಮಾಡಿ ಆಗಿತ್ತು. ಅವರು ‘2005ರ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ’ ಎಂದು ಶುರುಮಾಡಿ, ಮೊಮ್ಮಗಳವರೆಗೆ ಬಂದು, ಫೀಜಿನ ಮಾತೆತ್ತಿದ್ದರು.

ಈಗ ನನ್ನ ಭಾಗದ ಕಥೆ ಹೇಳಿಬಿಡಬೇಕು. ದೊಡ್ಡಪ್ಪ ತೀರಿಕೊಂಡದ್ದು 1994ರಲ್ಲಿ. ಊರ ಅಣ್ಣನಿಗೆ ಬೋರ್‌ವೆಲ್ ಸಾಲ ಬೇಕಿತ್ತು, ಖಾತೆ ಅಪ್ಪನ ಹೆಸರಲ್ಲಿತ್ತು. ವಂಶವೃಕ್ಷ ಬರೆಸಲು ಕೂತಾಗ ಅಮೆರಿಕ ಅಣ್ಣನ ಹೆಸರು ಹಾಕಿದರೆ ಅವನ ಸಹಿ ಬೇಕಾಗುತ್ತದೆಂದು ಗೊತ್ತಾಯಿತು. ಒಂದು ಸಹಿ ಹಾಕಲು ನ್ಯೂಜೆರ್ಸಿಯಿಂದ ಬರುತ್ತಾನಾ? ಬಾ ಅನ್ನಲು ನಮಗೆ ಮುಖವಿದೆಯಾ? ಅಕ್ಕಂದಿರಿಬ್ಬರು ಹೇಗೂ ಕೊಟ್ಟ ಮನೆಯವರು. ಹಾಗಾಗಿ ದೊಡ್ಡಪ್ಪನ ಕೆಳಗೆ ಒಂದೇ ಒಂದು ಗೀಟು ಎಳೆದು, ಊರ ಅಣ್ಣನ ಹೆಸರೊಂದನ್ನೇ ಬರೆದರು. ಕೆಳಗೆ ‘ಮೇಲ್ಕಂಡ ವಿವರ ಸತ್ಯವಾಗಿರುತ್ತದೆ’ ಎಂದು ಇಬ್ಬರು ಸಾಕ್ಷಿಗಳು ಬೇಕಿತ್ತು. ಊರಲ್ಲಿ ಎಲ್ಲರೂ ನಂಬುವಂಥ ಒಬ್ಬ ವಿದ್ಯಾವಂತ ಬೇಕಿತ್ತು. ಹಸಿರು ಇಂಕಿನ ನನ್ನ ಸಹಿ ಚೆನ್ನಾಗಿಯೇ ಬಂದಿತ್ತು.

ದುರುದ್ದೇಶ ಇರಲಿಲ್ಲ. ಊರ ಅಣ್ಣ ಒಂದಲ್ಲ ಒಂದು ದಿನ ಸರಿಮಾಡಿಸೋಣ ಅಂದಿದ್ದ. ಆ ಒಂದು ದಿನಕ್ಕೆ ಮೂವತ್ತೊಂದು ವರ್ಷ.

ಮಾರನೇ ಬೆಳಿಗ್ಗೆ ಎದ್ದಾಗ ನಡುಮನೆಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದಳು. ನಮ್ಮಪ್ಪನ ಕೊನೇ ತಂಗಿ, ತೊಂಬತ್ತು ದಾಟಿದ್ದಾಳೆ. ಗಂಡ ಹೋದ ಮೇಲೆ ತವರಿಗೆ ಬಂದವಳು. ಮಾಗಡಿ ಸೀಮೆಯ ಸೊಗಡಿನ ಅವರೆಯ ಕಾಲ. ರಾತ್ರಿ ನೆನೆಹಾಕಿದ ಕಾಳನ್ನು ಮುಂದಿಟ್ಟುಕೊಂಡು ಹಿತಿಕುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒಂದು ಒತ್ತು. ಪುಳಕ್ಕನೆ ಬೇಳೆ ಮೊರಕ್ಕೆ ಹಾರುವುದು, ಸಿಪ್ಪೆ ಬೆರಳಲ್ಲೇ ಉಳಿಯುವುದು. ಕಣ್ಣು ಮಂಜಾದರೂ ಒಂದು ಬೇಳೆಯೂ ಮೊರದ ಆಚೆ ಬೀಳುತ್ತಿರಲಿಲ್ಲ.

ಹುಡುಗಿ ಎದುರಿಗೆ ಕೂತಳು. “ಅಜ್ಜಿ, ನಮ್ಮ ತಾತ ಎಲ್ಲಿ ಹುಟ್ಟಿದ್ದು?”

“ಕುಲೋಸ್‌ಪ್ಯಾಟೆ” ಎಂದಳು ಅತ್ತೆ, ತಡವರಿಸದೆ.

ಹುಡುಗಿ ಮೈ ನೆಟ್ಟಗೆ ಮಾಡಿದಳು. ಈ ಇಡೀ ಜಿಲ್ಲೆಯಲ್ಲಿ ಆ ಊರು ಗೊತ್ತಿದ್ದವರು ಅವಳಿಗೆ ಸಿಕ್ಕಿದ್ದು ಅದೇ ಮೊದಲು.

“ನಿಮ್ಮ ತಾತನ ಅವ್ವನ ತವರು ಕುಲೋಸ್‌ಪ್ಯಾಟೆ. ಅಲ್ಲಿಂದ ತಂದಿದ್ದು.” ಪುಳಕ್. “ನಮ್ಮಕ್ಕನ್ನ ಕಾನಕಾನಳ್ಳಿಗೆ, ಅದೇ ಈಗಿನ ಕನಕಪುರಕ್ಕೆ, ಕೊಟ್ಟಿದ್ದು. ಅದಕ್ಕೇ ಕಬ್ಬಾಳಮ್ಮ ನಮ್ಮ ಮನೇಗ್ ಬಂದಿದ್ದು. ಅಕ್ಕ ಮೊದಲನೇ ಕೂಸು ಕಳಕೊಂಡಾಗ ನಮ್ಮವ್ವ ಹರಕೆ ಹೊತ್ಲು.” ಪುಳಕ್. “ಎರಡನೇದು ಉಳೀತು. ಅದ್ರ ಮಗಳ್ನ ಚನ್ನಪಟ್ಣಕ್ಕೆ ಕೊಟ್ರು. ಈ ಮೇಷ್ಟ್ರಿಗೆ ಎಣ್ಣು ಉಡುಕಿದ್ದೇ ಅವ್ಳು.” ಪುಳಕ್, ಪುಳಕ್. “ನಮ್ಮವ್ವನ ಅವ್ವ ಸಾವನದುರ್ಗದ ಬುಡದೋಳು. ಅವ್ಳ ಅವ್ವ ಮಾಗಡಿ ತಿರುಮಲೆ ತೇರಿಗೆ ಬಂದೋಳು ಇಂದಕ್ಕೆ ಓಗ್ನೇ ಇಲ್ಲ.”

“ಯಾಕೆ?” ಎಂದಳು ಹುಡುಗಿ.

“ಯಾಕೆ ಅಂದ್ರೆ? ನಮ್ಮ ಮುತ್ತಾತ ಇದ್ನಲ್ಲ ಅಲ್ಲಿ” ಎಂದು ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕಳು.

ನಾನು ಗೋಡೆಗೊರಗಿ ಕೇಳುತ್ತಲೇ ಇದ್ದೆ. ಕಬ್ಬಾಳಮ್ಮ ಅನಾದಿಕಾಲದಿಂದ ನಮ್ಮ ಮನೆದೇವರೆಂದು ನಂಬಿದ್ದವನು ನಾನು. ತಾಲ್ಲೂಕು ಕಚೇರಿಯ ಮರ ಒಂದೇ ಸರ್ವೆ ನಂಬರಿನಲ್ಲಿ ನೆಟ್ಟಗೆ ನಿಂತಿತ್ತು. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಅತ್ತೆಯದು ಕುಂಬಳಬಳ್ಳಿಯ ಹಾಗೆ ಕೊಟ್ಟ ಕಡೆ, ತಂದ ಕಡೆ, ನಾಲ್ಕು ತಾಲ್ಲೂಕಿಗೆ ಹರಿಯಿತು. ಗಂಡಸರೆಲ್ಲ ಅಲ್ಲಲ್ಲಿ ಗೂಟದ ಹಾಗೆ. ಹುಡುಗಿ ಒಂದಿಷ್ಟು ಹೊತ್ತು ಬರೆದುಕೊಂಡಳು. ಅವಳ ಪೆಟ್ಟಿಗೆಗಳು ಸಾಲದಾದವು. ಆಮೇಲೆ ಪೆನ್ನು ಕೆಳಗಿಟ್ಟು ತಾನೂ ಒಂದು ಹಿಡಿ ಅವರೆ ತೆಗೆದುಕೊಂಡು ಹಿತಿಕತೊಡಗಿದಳು. ಮೊದಲ ಬೇಳೆ ನನ್ನ ಕನ್ನಡಕಕ್ಕೆ ಬಡಿಯಿತು.

ಊಟಕ್ಕೆ ಹಿತಿಕಿದ ಬೇಳೆ ಸಾರು, ಮುದ್ದೆ. ಉಂಡು ಎದ್ದ ಮೇಲೆ ಊರ ಅಣ್ಣ ಏನು ಯೋಚಿಸಿದನೋ, ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಆ ಕಾಗದವನ್ನು ತಾನೇ ತಂದು ಅವಳ ಮುಂದಿಟ್ಟ. “ನೋಡವ್ವ, ಇರೋದು ಇಷ್ಟೇ. ಮುಚ್ಚಿಡೋದೇನಿಲ್ಲ” ಎಂದ. ಅವನ ಕೈ ಸ್ವಲ್ಪ ನಡುಗುತ್ತಿತ್ತು. ನನ್ನದು ಇನ್ನೂ ಹೆಚ್ಚು.

ಅವಳು ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು. ಬೆರಳಿಟ್ಟು, ಮೇಲಿನಿಂದ ಕೆಳಗೆ ಇಳಿದಳು. ಮುತ್ತಾತನ ಹೆಸರು ಸಿಕ್ಕಿದಾಗ ಕೂಗಿದಳು. ಆಮೇಲೆ ದೊಡ್ಡಪ್ಪ. ಆಮೇಲೆ ಗೀಟು. ಗೀಟಿನ ತುದಿಯಲ್ಲಿ ಒಂದೇ ಹೆಸರು. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಹಾಳೆ ಹಿಂದೆ ತಿರುಗಿಸಿ ನೋಡಿದಳು. “ನಮ್ಮ ತಾತ ಎಲ್ಲಿ?”

“ಜಾಗ ಸಾಲ್ಲಿಲ್ಲ ಮಗಾ” ಎಂದ ಊರ ಅಣ್ಣ.

ಹಾಳೆಯ ಮುಕ್ಕಾಲು ಪಾಲು ಖಾಲಿ ಇತ್ತು. ಅವಳ ಬೆರಳು ಹಸಿರು ಇಂಕಿನ ಹತ್ತಿರ ಬಂದು ನಿಂತಿತು. ನನ್ನ ಸಹಿ ಯಾರಿಗೂ ಓದಲು ಬರುವುದಿಲ್ಲವೆಂದು ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಿದ್ದರು. ಅದು ಆ ದಿನ ಉಪಕಾರಕ್ಕೆ ಬಂತು. ಅವಳು ಏನೂ ಅನ್ನಲಿಲ್ಲ. ಫೋಟೋ ತೆಗೆದುಕೊಂಡು, ಕಾಗದವನ್ನು ಮಡಿಕೆ ಕೆಡದಂತೆ ಕವರಿಗೆ ಸೇರಿಸಿ ಕೊಟ್ಟಳು. “ಚಿಕ್ಕ ತಾತ, ನಂಗೆ ರೇಷ್ಮೆ ಹುಳ ತೋರಿಸ್ತೀರಾ?” ಎಂದಳು.

ಊರ ಅಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಅವನೇ ಅವಳ ಕಾಲಿಗೆ ಬೇರೆ ಚಪ್ಪಲಿ ಕೊಟ್ಟು, ಬಾಗಿಲ ಸುಣ್ಣದ ಪುಡಿ ತುಳಿಸಿ, ಒಳಗೆ ಕರೆದೊಯ್ದ. ಹುಳುಗಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆಗೆ ನಮ್ಮ ಕಡೆಯ ಹೆಸರು) ಎದ್ದು ಮೂರು ದಿನವಾಗಿತ್ತು. ಅವುಗಳ ಹಸಿವಿಗೆ ಆಗ ಮಿತಿಯಿಲ್ಲ. ಹಾಸಿದ ಹಿಪ್ಪುನೇರಳೆ ಕಡ್ಡಿಗಳ ಮೇಲೆ ಹಾಲಿನ ಬಣ್ಣದ ಹುಳುಗಳು ಎಲೆಯ ಅಂಚು ಹಿಡಿದು ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ ತಲೆ ಆಡಿಸುತ್ತಿದ್ದವು. ಅರ್ಧಚಂದ್ರದಂತೆ ಎಲೆ ಕರಗುವುದು. ಮನೆ ತುಂಬ ಸರಸರ ಸದ್ದು.

ಅವಳು ಅಲ್ಲೇ ಅಮೆರಿಕಕ್ಕೆ ಫೋನು ಹಚ್ಚಿದಳು. ಅಲ್ಲಿ ಬೆಳಗಿನ ಜಾವ. ಅಣ್ಣ ಎದ್ದೇ ಇದ್ದ. ಅವಳು ಮಾತಾಡದೆ ಫೋನನ್ನು ಹುಳುಗಳ ಹತ್ತಿರ ಹಿಡಿದಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ಮಳೆ ಎನ್ನುತ್ತಾನೆ ಎಂದುಕೊಂಡಿದ್ದೆ ನಾನು.

“ನಾಲ್ಕನೇ ಜ್ವರ ಎದ್ದಿದಾವಾ?” ಎಂದಿತು ಫೋನು. “ಎಲೆ ಸಾಲ್ತಿಲ್ಲ ಅವಕ್ಕೆ. ಕಡ್ಡಿ ಕಡೀತಿದಾವೆ, ಕೇಳು. ಹಾಕೋ, ಇನ್ನೊಂದು ಹೊರೆ ಹಾಕೋ.”

ಊರ ಅಣ್ಣ ಒಂದು ಮಾತಾಡದೆ ಹೊರಗೆ ಹೋಗಿ ಒಂದು ಹೊರೆ ಸೊಪ್ಪು ಹೊತ್ತು ತಂದ. ಲುಂಗಿಯ ತುದಿಯಿಂದ ಮುಖ ಒರೆಸಿಕೊಂಡ. ಬೆವರಿರಬೇಕು. ಡಿಸೆಂಬರಿನಲ್ಲಿ ಮಾಗಡಿಯಲ್ಲಿ ಅಷ್ಟೇನೂ ಸೆಖೆ ಇರುವುದಿಲ್ಲ.

ಹುಡುಗಿ ಫೋನನ್ನು ನನ್ನ ಕೈಗೆ ಕೊಟ್ಟಳು. ಅಣ್ಣ ಆರೋಗ್ಯ ಕೇಳಿದ, ಅತ್ತೆಯನ್ನು ಕೇಳಿದ, ಅವರೆಕಾಯಿ ಸೇರು ಎಷ್ಟೆಂದು ಕೇಳಿದ. ಆಮೇಲೆ ಸಾವಕಾಶವಾಗಿ, “ಕೂಸಿಗೆ ವಂಶವೃಕ್ಷ ಸಿಕ್ತೇನೋ ಮೇಷ್ಟ್ರೇ?” ಎಂದ.

“ಸಿಕ್ತು ಅಣ್ಣ. 94ರದ್ದು. ಹಳೇ ಕಾಗದ ನೋಡು, ನಿನ್ನ ಹೆಸರಿರೋ ಕಡೆ ಹುಳ ತಿಂದುಬಿಟ್ಟಿದೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಈ ಕಡೆ ಹುಳುಗಳ ಸರಸರ. ಆಮೇಲೆ ಅಣ್ಣ ನಕ್ಕ. ಹೊಟ್ಟೆಯಿಂದ ಬರುವ, ನಮ್ಮ ದೊಡ್ಡಪ್ಪನದೇ ನಗು.

“ಯಾವ ಹುಳ ಕಣೋ? ಹಸಿರು ಇಂಕಿಂದಾ?”

“ತಾತ ಏನಂದ್ರು?” ಎಂದು ಹುಡುಗಿ ನನ್ನ ತೋಳು ಜಗ್ಗಿದಳು. ನಾನು ಫೋನು ಅವಳ ಕೈಗಿಟ್ಟು, ಊರ ಅಣ್ಣನ ಹೊರೆಯಿಂದ ಒಂದು ಹಿಡಿ ಸೊಪ್ಪು ಎಳೆದುಕೊಂಡು ಹುಳುಗಳ ಮೇಲೆ ಹಾಸತೊಡಗಿದೆ.